ಮರಿಗಳಿಲ್ಲ ಎಂದ ಬಲೆ

ನನ್ನ ಚಿಕ್ಕಮ್ಮನನ್ನು ಬೀದಿಯವರು ಗಂಟುಮೋರೆ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಮಾತ್ರ. ಎದುರಿಗೇ ಕರೆದವನು ಒಬ್ಬನೇ, ಮೂಲೆಯ ಸೈಕಲ್ ರಿಪೇರಿಯವನು. ಅಂದಿನಿಂದ ಅವಳು ತನ್ನ ಸೈಕಲ್ಲನ್ನು ಅವನ ಅಂಗಡಿಯ ಮುಂದೆಯೇ ತಳ್ಳಿಕೊಂಡು ಹೋಗಿ, ಮೈಲಿಯಾಚೆ ಇನ್ನೊಬ್ಬನ ಹತ್ತಿರ ಪಂಕ್ಚರ್ ಹಾಕಿಸತೊಡಗಿದಳು. ಎರಡು ವರ್ಷ ನೋಡಿ ನೋಡಿ ಸಾಕಾಗಿ ಅವನೇ ಮನೆಗೆ ಬಂದು, "ಅಕ್ಕಾ, ತಪ್ಪಾಯ್ತು" ಅಂದ. "ಆಯ್ತಲ್ಲ, ಹೋಗು" ಅಂದಳು. ಮಾರನೆಯ ದಿನವೂ ಸೈಕಲ್ಲನ್ನು ತಳ್ಳಿಕೊಂಡೇ ಹೋದಳು. "ಎಲ್ಲಾನೂ ಹೊಟ್ಟೆಗೆ ಹಾಕ್ಕೊಳ್ಳೋಕೆ ನಂದೇನು ಗೋಣಿಚೀಲವಾ?" ಎಂದು ನನ್ನನ್ನು ಕೇಳಿದಳು. ನಾನು ಅವಳ ಅಕ್ಕನ ಮಗಳು. ಅದೇ ರಕ್ತ, ಹಾಗಾಗಿ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಬಲೆ ಹೆಣೆಯುವುದು ಅವಳ ಕಸುಬು. ಮನೆಯ ಹಿಂದೆ ತಗಡಿನ ಉದ್ದನೆಯ ಕೋಣೆ, ಒಂದೇ ಕಿಟಕಿ, ಗೋಡೆಗೆ ಎರಡು ಕೊಕ್ಕೆ, ಮೂಲೆಯಲ್ಲಿ ನೈಲಾನ್ ದಾರದ ಉಂಡೆಗಳು. ಎಡಗೈಯಲ್ಲಿ ಅಳತೆಯ ಮರದ ಪಟ್ಟಿ, ಬಲಗೈಯಲ್ಲಿ ದಾರ ಸುತ್ತಿದ ಚಪ್ಪಟೆ ಸೂಜಿ. ಪಟ್ಟಿಗೆ ದಾರ ಸುತ್ತಿ ಗಂಟು ಹಾಕಿದರೆ ಒಂದು ಕಣ್ಣು. ದಿನಕ್ಕೆ ಅಂಥ ಸಾವಿರಾರು ಕಣ್ಣು ಅವಳ ಬೆರಳುಗಳಿಂದ ಇಳಿಯುತ್ತಿದ್ದವು. ಒಂದು ಕಣ್ಣು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ನೋಡದೆಯೇ ಹೇಳುತ್ತಿದ್ದಳು.

ದೊಡ್ಡ ಕೆರೆಯ ದಡದ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ: ನೀರಿನಲ್ಲಿ ಗೋಡೆಯ ಹಾಗೆ ನಿಲ್ಲುವ ಬಲೆ ಕಂಡ ಮೀನನ್ನೆಲ್ಲ ಹಿಡಿಯುವುದಿಲ್ಲ. ತಲೆ ತೂರಿ ಕಿವಿರು ಸಿಕ್ಕಿಕೊಂಡ ಮೀನನ್ನು ಮಾತ್ರ ಹಿಡಿಯುತ್ತದೆ. ಅದಕ್ಕಿಂತ ಸಣ್ಣದು ಕಣ್ಣಿನೊಳಗೆ ನುಸುಳಿ ಹೋಗುತ್ತದೆ, ತೀರಾ ದೊಡ್ಡದು ಮೂತಿ ತಾಗಿಸಿ ಹಿಂದಿರುಗುತ್ತದೆ. ಆದ್ದರಿಂದ ಬಲೆಯಲ್ಲಿ ಬಂದದ್ದನ್ನು ನೋಡಿ ಕೆರೆಯಲ್ಲಿ ಏನಿದೆ ಎಂದು ಹೇಳಹೊರಟವನು ಮೊದಲು ಬಲೆಯ ಕಣ್ಣು ಎಷ್ಟು ಎಂದು ಹೇಳಬೇಕು. ಇದು ನಮ್ಮ ಬೀದಿಯ ಎಂಟು ವರ್ಷದ ಮಕ್ಕಳಿಗೂ ಗೊತ್ತಿತ್ತು. ಗೊತ್ತಿಲ್ಲದವರು ಮೀನುಗಾರಿಕೆ ಕಚೇರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

ಹನ್ನೊಂದು ವರ್ಷದ ಹಿಂದೆ ಆ ಕಚೇರಿಗೆ ಹೊಸದಾಗಿ ಬಂದ ಸಾಹೇಬ ಕೆರೆಯ ಮೀನು ಎಣಿಸಲು ಹೊರಟ. ಮೇಲಿನ ಕಚೇರಿಯ ಕಾಗದದಲ್ಲಿ ಬಲೆಯ ಕಣ್ಣು ಆರು ಸೆಂಟಿಮೀಟರ್ ಎಂದಿತ್ತು. ಹೆಣೆಯುವ ಕೆಲಸ ಚಿಕ್ಕಮ್ಮನಿಗೆ ಬಂತು. ದಡದವರ ಲೆಕ್ಕದಲ್ಲಿ ಕಣ್ಣಿನ ಅಳತೆ ಅಂದರೆ, ಕಣ್ಣನ್ನು ಎರಡೂ ಕಡೆಯಿಂದ ಬಿಗಿಯಾಗಿ ಎಳೆದು ಹಿಡಿದಾಗ ಈ ತುದಿಯಿಂದ ಆ ತುದಿಗೆ ಬರುವ ಉದ್ದ. ಸಾಹೇಬ ಮಾತ್ರ ಕಾಗದದ ಮೇಲೆ ಒಂದು ಚೌಕ ಬರೆದು, ಅದರ ಒಂದು ಬದಿಗೆ ಸ್ಕೇಲು ಇಟ್ಟು, ಒಂದು ಗಂಟಿನಿಂದ ಪಕ್ಕದ ಗಂಟಿಗೆ ಆರು ಎಂದು ಗುರುತು ಮಾಡಿಕೊಟ್ಟ.

"ಸಾಹೇಬ್ರೇ, ಹೀಗೆ ಹೆಣೆದ್ರೆ ಎಳೆದಾಗ ಹನ್ನೆರಡಾಗುತ್ತೆ. ಗೇಣುದ್ದದ ಎಳೆಮೀನು ಒಂದೂ ನಿಲ್ಲಲ್ಲ. ಮೊಳದುದ್ದದ ಮುದಿ ಮೀನು ಮಾತ್ರ ಸಿಗುತ್ತೆ," ಎಂದಳು ಚಿಕ್ಕಮ್ಮ.

"ಪುಸ್ತಕ ಓದಿರೋದು ನಾನೋ ನೀನೋ? ನಿನ್ನ ಕೆಲಸ ಹೆಣೆಯೋದು. ಹೆಣಿ."

ಹೆಣೆದಳು. ನಲವತ್ತು ದಿನ ಆ ಬಲೆ ಕೆರೆಗೆ ಇಳಿಯಿತು. ನಲವತ್ತು ದಿನವೂ ನಾಲ್ಕಾರು ದೊಡ್ಡ ಮೀನು ಬಂದವು, ಎಳೆಯದು ಒಂದೂ ಬರಲಿಲ್ಲ. ಸಾಹೇಬ ವರದಿ ಬರೆದ: ಕೆರೆಯಲ್ಲಿ ಮರಿಗಳಿಲ್ಲ, ಮೀನಿನ ಸಂತತಿ ನಿಂತುಹೋಗಿದೆ, ದಡದ ಮೀನುಗಾರರು ಸಣ್ಣ ಕಣ್ಣಿನ ಬಲೆ ಬಿಟ್ಟು ಮರಿಗಳನ್ನೆಲ್ಲ ಬಳಿದು ತಿಂದಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮಹರಾಯ ಬಲೆ ಹಾಕಲು ಬಾರದೆ ಇಡೀ ಬೀದಿಯನ್ನೇ ಡೊಂಕು ಅಂದ. ಕೆರೆಗೆ ನಿಷೇಧ ಬಿತ್ತು. ದೋಣಿಗಳನ್ನು ದಡಕ್ಕೆ ಎಳೆದು ಬೋರಲು ಹಾಕಿದರು. ಇಳಿಯುವ ಮೆಟ್ಟಿಲ ಪಕ್ಕ ಒಂದು ಫಲಕ ನಿಂತಿತು: "ಮರಿಗಳನ್ನು ಕೊಂದವರೇ ಕೆರೆಯನ್ನು ಕೊಂದರು."

ಬೀದಿಯವರು ಆ ಫಲಕವನ್ನು ಬೈದರು, ಒಂದೆರಡು ಸಲ ಸಗಣಿಯನ್ನೂ ಎಸೆದರು. ನಂಬಿದವನು ಒಬ್ಬನೇ, ನನ್ನ ಚಿಕ್ಕಪ್ಪ.

ಅವನು ಮೆತ್ತಗಿನ ಮನುಷ್ಯ. ದೋಣಿಯಲ್ಲಿ ಕಾಲಿಡುವಾಗ ದೋಣಿಗೆ ನೋವಾದೀತೇನೋ ಅನ್ನುವಂತೆ ಇಡುತ್ತಿದ್ದ. ಚಿಕ್ಕಮ್ಮ ಹೆಣೆದುಕೊಟ್ಟ ಬಲೆಯಲ್ಲಿ ಸಣ್ಣ ಕಣ್ಣು ಎಂದೂ ಇರಲಿಲ್ಲ. ಆದರೆ ಗಾಳಿಗೆ ಮನೆಯ ತಗಡು ಹಾರಿಹೋದ ವರ್ಷ ಒಂದು ತಿಂಗಳು, ಅವಳಿಗೆ ತಿಳಿಯದಂತೆ, ತನ್ನ ಭಾವನಿಂದ ಸಣ್ಣ ಕಣ್ಣಿನ ಬಲೆ ಕೇಳಿ ತಂದು ಬಿಟ್ಟಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅದು ಇವನೇ. ಫಲಕ ನಿಂತ ವಾರ ಹೆಂಡತಿಯ ಮುಂದೆ ಬಾಯಿ ಬಿಟ್ಟ.

"ಆ ಒಂದು ತಿಂಗಳು ನಾನು ಮರಿ ಹಿಡಿದೆ ಕಣೇ. ಬೆರಳುದ್ದದವು. ಬುಟ್ಟಿಗಟ್ಟಲೆ."

"ಒಂದು ತಿಂಗಳಿಗೆ ಒಂದು ಕೆರೆ ಸಾಯುತ್ತೇನ್ರೀ? ಆ ಸಾಹೇಬನ ಬಲೇನೇ ತಪ್ಪು. ಹೆಣೆದೋಳು ನಾನು, ನನಗೆ ಗೊತ್ತಿಲ್ವಾ?"

"ನೀನು ಹೆಂಡ್ತಿ, ಹಾಗೇ ಹೇಳ್ತೀಯ. ಅವರಿಗೆ ನನ್ನ ಮೇಲೇನು ದ್ವೇಷ? ಓದಿದೋರು ಸುಳ್ಳು ಬರೀತಾರಾ?"

ಅಲ್ಲಿಂದ ಅವನು ಮಂಜುಗಡ್ಡೆ ಕಾರ್ಖಾನೆಗೆ ಹೊರುವ ಕೆಲಸಕ್ಕೆ ಸೇರಿದ. ಬೇರೆ ಎಲ್ಲಿಂದಲೋ ಬಂದ ಮೀನಿಗೆ ಮಂಜುಗಡ್ಡೆ ಹೊತ್ತು ಹೊತ್ತು ಎದೆಯಲ್ಲಿ ಕಫ ಕಟ್ಟಿತು. ಮೀನು ತಿನ್ನುವುದನ್ನು ಬಿಟ್ಟ. ಕೆರೆಯ ಕಡೆ ಮುಖ ಹಾಕುವುದನ್ನೂ ಬಿಟ್ಟ. ಕಾರ್ಖಾನೆಗೆ ಹೋಗಲು ಹತ್ತು ನಿಮಿಷದ ದಾರಿ ಬಿಟ್ಟು ಅರ್ಧ ಗಂಟೆಯ ಸುತ್ತುದಾರಿ ಹಿಡಿದ. ಐದನೆಯ ವರ್ಷ ಹಾಸಿಗೆ ಹಿಡಿದ. ಕೊನೆಯ ವಾರ ನಾನೂ ಅಲ್ಲಿದ್ದೆ. ಜ್ವರ ಏರಿದಾಗಲೆಲ್ಲ ಒಂದೇ ಮಾತು: "ನಾನೇ ಕೊಂದೆ." ಯಾರನ್ನೋ ಕೊಂದು ಬಂದಿದ್ದಾನೆ ಎಂದುಕೊಂಡು ನರ್ಸಮ್ಮ ಗಾಬರಿಯಾಗಿ ನಮ್ಮ ಮುಖ ನೋಡಿದಳು. ಹಾಗೆಯೇ ಅಂದುಕೊಂಡು ಅವನು ಹೋದ.

ಚಿಕ್ಕಮ್ಮ ಅಳಲಿಲ್ಲ. ಎಂಟನೆಯ ದಿನ ಸೀರೆ ಬದಲಿಸಿ ಕಚೇರಿಗೆ ಹೋದಳು. ಅವಳಿಗೆ ಬೇಕಿದ್ದುದು ಒಂದೇ: ಆ ಸಾಹೇಬ ದಡಕ್ಕೆ ಬಂದು, ಎಲ್ಲರೆದುರು, ತನ್ನ ಬಾಯಿಂದಲೇ, ನನ್ನ ಬಲೆ ತಪ್ಪಿತ್ತು ಅನ್ನಬೇಕು. ಮೂರು ಸಲ ಹೋದಳು. ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೆಯ ಸಲ ಊಟಕ್ಕೆ ಹೋಗಿದ್ದರು. ಮೂರನೆಯ ಸಲ ಸಿಕ್ಕಿದರು.

"ಎಷ್ಟು ಓದಿದ್ದೀಯಮ್ಮ?" ಎಂದು ಕೇಳಿದ.

ಅವಳು ಹೇಳಿದ್ದು ಇಷ್ಟು: "ಸಾಹೇಬ್ರೇ, ಒಂದೇ ಅಳತೆಯ ಬಳೆ ಹಿಡ್ಕೊಂಡು ಬೀದಿ ಸುತ್ತಿದ್ದೀರಿ. ಅದೂ ದಪ್ಪಗಿನ ಹೆಂಗಸಿನ ಬಳೆ. ಯಾವ ಮಗುವಿನ ಕೈಯಲ್ಲೂ ಅದು ನಿಲ್ಲಲಿಲ್ಲ. ಅದಕ್ಕೆ ಈ ಊರಲ್ಲಿ ಮಕ್ಕಳೇ ಇಲ್ಲ ಅಂತ ಬರೆದಿದ್ದೀರಿ."

ಜವಾನ ಕಿಸಕ್ಕನೆ ನಕ್ಕ. ಸಾಹೇಬ ಜವಾನನ ಮುಂದೆಯೇ ಅವಳನ್ನು ಹೊರಗೆ ಕಳಿಸಿದ. ಅವಳು ಅರ್ಜಿ ಹಾಕಿ ಹಳೆಯ ವರದಿಯ ಪ್ರತಿಯನ್ನು ತರಿಸಿಕೊಂಡು ಟ್ರಂಕಿನ ತಳಕ್ಕೆ ಸೇರಿಸಿದಳು. ಬೀದಿಯವರು, ಗಂಟುಮೋರೆ ತಣ್ಣಗಾದಳು ಅಂದರು. ಅವಳು ಟೆನಿಸ್ ಅಂಗಳದ ಬಲೆ ಹೆಣೆದಳು, ಬಹುಮಹಡಿ ಮನೆಗಳ ಬಾಲ್ಕನಿಗೆ ಪಾರಿವಾಳ ಬಾರದ ಹಾಗೆ ಬಲೆ ಹೆಣೆದಳು. ತಣ್ಣಗೇನೂ ಆಗಿರಲಿಲ್ಲ. ನಾನು ಪಕ್ಕದಲ್ಲಿ ಕೂತು ದಾರ ಸುತ್ತಿಕೊಡುವಾಗ ಆಗಾಗ, "ಅವನಿಗೆ ರಿಟೈರ್ ಆಗೋಕೆ ಇನ್ನೆಷ್ಟು ವರ್ಷ?" ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಅವಳು ತಲೆಯಾಡಿಸಿ ಮುಂದಿನ ಗಂಟು ಹಾಕುತ್ತಿದ್ದಳು.

ಈ ವರ್ಷ ಮೇಲಿನ ಕಚೇರಿ ಮತ್ತೆ ಎಣಿಕೆ ಮಾಡಿ ಎಂದಿತು. ಈ ಸಲ ಕಾಗದ ಸ್ಪಷ್ಟವಾಗಿತ್ತು: ಮೂರು, ನಾಲ್ಕು, ಆರು, ಎಂಟು ಸೆಂಟಿಮೀಟರಿನ ನಾಲ್ಕು ತುಂಡು, ಒಂದಕ್ಕೊಂದು ಜೋಡಿಸಿದ ಒಂದೇ ಬಲೆ, ಕಣ್ಣನ್ನು ಎಳೆದು ಹಿಡಿದ ಅಳತೆ. ನಮ್ಮೂರಿನಲ್ಲಿ ಕೈಯಿಂದ ಹೆಣೆಯುವವರು ಬೇರೆ ಯಾರೂ ಉಳಿದಿರಲಿಲ್ಲ, ಕೆಲಸ ಮತ್ತೆ ಚಿಕ್ಕಮ್ಮನಿಗೇ ಬಂತು. ಹೆಣೆಯಲು ಕೂತಳು. ಸಾಹೇಬನಿಗೆ ಈಗಲಾದರೂ ಬುದ್ಧಿ ಬಂತು ಎಂದು ನಾವಿಬ್ಬರೂ ಅಂದುಕೊಂಡೆವು.

ನಾನು ಆ ಕಚೇರಿಯ ಎದುರು ಟೈಪಿಂಗ್, ಜೆರಾಕ್ಸ್, ಬ್ಯಾನರಿನ ಅಂಗಡಿ ಇಟ್ಟಿದ್ದೇನೆ. ಬಲೆ ನೀರಿಗಿಳಿಯಲು ಇನ್ನೂ ಹದಿನೈದು ದಿನ ಇರುವಾಗ ಜವಾನ ಬ್ಯಾನರು ಬರೆಸಲು ಬಂದ. ಚೀಟಿ ಓದಿದೆ. "ಹನ್ನೊಂದು ವರ್ಷದ ನಿಷೇಧದ ಫಲ: ಕೆರೆಗೆ ಮರಿಗಳು ಮರಳಿದವು!" ಕೆಳಗೆ ಸಾಹೇಬನ ಫೋಟೊ, ಕೋಟು ಹಾಕಿದ್ದು. ಮೇಲಿನಿಂದ ಒಬ್ಬ ಮೇಡಂ ಬರುತ್ತಾರಂತೆ, ಸನ್ಮಾನವಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ. ನಾನು ಅಂಗಡಿಯ ಬಾಗಿಲು ಎಳೆದು ಓಡಿದೆ.

ಚಿಕ್ಕಮ್ಮ ಚೀಟಿಯನ್ನು ಎರಡು ಸಲ ಓದಿದಳು. ಸೂಜಿ ಕೆಳಗಿಟ್ಟಳು.

"ಆವತ್ತು ದೊಡ್ಡ ಕಣ್ಣು ಹಾಕಿ ಮರಿ ಇಲ್ಲ ಅಂದ. ಈವತ್ತು ಸಣ್ಣ ಕಣ್ಣು ಹಾಕಿ ಮರಿ ಬಂತು ಅಂತಾನೆ. ಬದಲಾಗಿದ್ದು ಬಲೆ. ಹೆಸರು ಮಾತ್ರ ಅವಂದು." ಚೀಟಿಯನ್ನು ನನ್ನ ಕೈಗೆ ತುರುಕಿದಳು. "ನಾನು ಸರಿಯಾಗಿ ಹೆಣೆದಷ್ಟೂ ಅವನು ದೊಡ್ಡೋನಾಗ್ತಾನಲ್ಲೇ. ನಿನ್ನ ಚಿಕ್ಕಪ್ಪ ಕೊಂದ ಕೆರೇನ ಈ ಮಹಾನುಭಾವ ಬದುಕಿಸಿದ ಅಂತ ಆಗುತ್ತೆ."

"ಹೆಣೀಬೇಡ ಬಿಡು."

"ಬೇರೆ ಊರಿಂದ ತರಿಸ್ತಾನೆ."

"ಹಾಗಾದ್ರೆ ಎಲ್ಲ ಕಣ್ಣೂ ದೊಡ್ಡದು ಹಾಕು. ಮರಿ ಸಿಗದೆ ಬ್ಯಾನರ್ ಮುಂದೆ ಮಂಗ ಆಗಲಿ."

"ಮುಚ್ಚು ಬಾಯಿ. ಆಗ ಕೆರೆ ಮುಚ್ಚೇ ಇರುತ್ತೆ. ಅವನ ಸುಳ್ಳಿಗೆ ಎರಡನೇ ಸಲ ನನ್ನ ಕೈನೂ ಸೇರುತ್ತೆ."

ಮೂರು ದಿನ ಅವಳು ದಾರ ಮುಟ್ಟಲಿಲ್ಲ. ಬಾಗಿಲಲ್ಲಿ ಕೂತು ಬೋರಲು ಬಿದ್ದ ದೋಣಿಗಳನ್ನು ನೋಡುತ್ತಿದ್ದಳು. ನಾನು ಅನ್ನ ತಂದಿಟ್ಟರೆ ಅದು ಅಲ್ಲೇ ಆರುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಹೋದಾಗ ಅವಳ ಎಡಗೈಯಲ್ಲಿ ಬೇರೆಯೇ ಪಟ್ಟಿ ಇತ್ತು, ಅಗಲವಾದದ್ದು.

"ಇದೇನು? ಕಾಗದದಲ್ಲಿ ಇಷ್ಟು ದೊಡ್ಡ ಕಣ್ಣಿಲ್ಲ."

"ಐದನೇ ತುಂಡು," ಎಂದಳು. "ಅವನ ಅಳತೆ. ಆವತ್ತಿನದೇ. ನಾಲ್ಕರ ನಡುವೆ ಸೇರಿಸ್ತೀನಿ. ಅದೇ ನೀರು, ಅದೇ ಮೀನು. ಅವನ ಬಲೆ ಏನು ನೋಡುತ್ತೆ, ಏನು ನೋಡಲ್ಲ ಅನ್ನೋದನ್ನ ಬಲೇನೇ ಹೇಳಲಿ."

ಗೊತ್ತಾದರೆ ಈ ಕಚೇರಿಯಷ್ಟೇ ಅಲ್ಲ, ಯಾವ ಕಚೇರಿಯೂ ಅವಳಿಗೆ ಮತ್ತೆ ಕೆಲಸ ಕೊಡುವುದಿಲ್ಲ ಎಂದೆ. ಅವಳು ನಕ್ಕಳು. ಅವಳು ನಕ್ಕಿದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿಯೇ ಇರಲಿಲ್ಲ, ಅದು ನೋಡುವಂಥದ್ದೂ ಆಗಿರಲಿಲ್ಲ.

ಉಗ್ರಾಣದ ಗುಮಾಸ್ತ ಬಲೆಯನ್ನು ಬಿಚ್ಚಿ ನೋಡದೆ ಗೋಣಿಚೀಲಗಳಲ್ಲೇ ತೂಗಿಸಿ ಸಹಿ ಹಾಕಿದ. ನೀರಿಗೆ ಬಿಡಲು ಬಂದವರು ನಮ್ಮ ಬೀದಿಯ ಮುದುಕರು. ಬಲೆ ತೇಲಲೆಂದು ಬೆಂಡು ಕಟ್ಟುವಾಗಲೇ ಅವರ ಬೆರಳಿಗೆ ದೊಡ್ಡ ಕಣ್ಣು ಸಿಕ್ಕಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಂದಿನ ಬೆಂಡು ಕಟ್ಟಿದರು. ಸಂಜೆ ಬಿಟ್ಟ ಬಲೆಯನ್ನು ಮಾರನೆಯ ಬೆಳಿಗ್ಗೆ ಎಳೆಯಬೇಕಿತ್ತು.

ಬೆಳಿಗ್ಗೆ ದಡದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೈಕು, ನಾನೇ ಬರೆದುಕೊಟ್ಟ ಬ್ಯಾನರು. ಮೇಲಿನ ಕಚೇರಿಯ ಮೇಡಂ ಬಂದರು. ಗಿಡ್ಡನೆಯ ಹೆಂಗಸು, ಕಾಲಲ್ಲಿ ಕ್ಯಾನ್ವಾಸ್ ಬೂಟು. ಕುರ್ಚಿ ತೋರಿಸಿದರೂ ಕೂರದೆ ನೇರವಾಗಿ ನೀರಿನ ಹತ್ತಿರ ಹೋಗಿ ನಿಂತರು. ಬಲೆಯನ್ನು ಎಳೆದು ಸಿಮೆಂಟಿನ ಇಳಿಜಾರಿನ ಮೇಲೆ ಉದ್ದಕ್ಕೆ ಹಾಸಿದರು. ಮೊದಲ ಎರಡು ತುಂಡಿನಲ್ಲಿ ಬೆರಳುದ್ದದ, ಗೇಣುದ್ದದ ಮೀನು ಒತ್ತಾಗಿ ಸಿಕ್ಕಿಕೊಂಡು ಪಟಪಟನೆ ಹೊರಳುತ್ತಿದ್ದವು. ಬೀದಿಯವರೆಲ್ಲ ಒಮ್ಮೆಲೇ ಉಸಿರೆಳೆದುಕೊಂಡರು. ಹನ್ನೊಂದು ವರ್ಷದಲ್ಲಿ ಅವರು ಆ ಕೆರೆಯ ಮೀನು ಕಂಡಿರಲಿಲ್ಲ.

ಸಾಹೇಬ ಮೈಕು ಹಿಡಿದ. "ನೋಡಿ! ಇವು ನಿಷೇಧದ ಮಕ್ಕಳು! ಅಂದು ಒಂದು ಮರಿಯೂ ಇರಲಿಲ್ಲ. ಇಂದು..."

"ಒಂದು ನಿಮಿಷ," ಎಂದರು ಮೇಡಂ. ಅವರು ಬಲೆಯ ಉದ್ದಕ್ಕೂ ನಡೆದು ನಡುವೆ ಒಂದು ಕಡೆ ಕುಕ್ಕರುಗಾಲಲ್ಲಿ ಕೂತಿದ್ದರು. ಎಡಗಡೆ ತುಂಬ ಎಳೆಮೀನು, ಬಲಗಡೆ ತುಂಬ ಎಳೆಮೀನು, ನಡುವಿನ ತುಂಡು ಖಾಲಿ. ಅದರಲ್ಲಿ ಮೊಳದುದ್ದದ ಮೂರು ಮುದಿ ಮೀನು ಮಾತ್ರ ಬಿದ್ದುಕೊಂಡಿದ್ದವು. "ನಾನು ಹೇಳಿದ್ದು ನಾಲ್ಕು ತುಂಡು. ಇದು ಯಾವುದು?"

ಸಾಹೇಬ ಗುಮಾಸ್ತನನ್ನು ನೋಡಿದ. ಗುಮಾಸ್ತ ತನ್ನ ಚಪ್ಪಲಿ ನೋಡಿಕೊಂಡ. ಚಿಕ್ಕಮ್ಮ ಜನರ ನಡುವಿಂದ ಮುಂದೆ ಬಂದಳು.

"ಅದು ಸಾಹೇಬರ ಬಲೆ, ಮೇಡಂ. ಹನ್ನೊಂದು ವರ್ಷದ ಹಿಂದೆ ಕೆರೆಯಲ್ಲಿ ಮರಿ ಇಲ್ಲ ಅಂದ ಬಲೆಯ ಅಳತೆ. ಹೆಣೆದೋಳು ನಾನೇ, ಆವತ್ತೂ ಈವತ್ತೂ."

"ಮೇಡಂ, ಈ ಹೆಂಗಸು ಸರ್ಕಾರಿ ಬಲೆ ಹಾಳು ಮಾಡಿದಾಳೆ! ಆವತ್ತಿನದು ಆರು ಸೆಂಟಿಮೀಟರ್, ಕಾಗದದ ಪ್ರಕಾರ!"

"ಯಾವ ಆರು?" ಎಂದಳು ಚಿಕ್ಕಮ್ಮ. ನನಗೆ ಕೈಸನ್ನೆ ಮಾಡಿದಳು. ನಾನು ಹಳೆಯ ವರದಿಯ ಹಾಳೆಯನ್ನು ಮೇಡಂ ಕೈಗಿಟ್ಟೆ. "ಗಂಟಿನಿಂದ ಗಂಟಿಗೆ ಆರು" ಎಂದು ಅಚ್ಚಾಗಿತ್ತು, ಕೆಳಗೆ ಸಾಹೇಬನ ಸಹಿ ದಪ್ಪಗೆ ಇತ್ತು. ಮೇಡಂ ಚೀಲದಿಂದ ಟೇಪು ತೆಗೆದರು. ಖಾಲಿ ತುಂಡಿನ ಒಂದು ಕಣ್ಣಿನ ಬದಿ ಅಳೆದರು: ಆರು. ಅದೇ ಕಣ್ಣನ್ನು ಎಳೆದು ಹಿಡಿದು ಅಳೆದರು: ಹನ್ನೆರಡು. ಆಮೇಲೆ ಸಾಹೇಬನ ಮುಖ ನೋಡಿದರು. ಅವರಿಗೆ ಅರ್ಥವಾಗಿತ್ತು.

ಸಾಹೇಬ ಬೆವರೊರೆಸಿಕೊಂಡ. "ಆದರೂ ಮೇಡಂ, ಆವತ್ತು ಮರಿ ಇತ್ತು ಅಂತಾನೂ ಇದರಿಂದ ಸಾಬೀತಾಗಲ್ಲ..."

"ಇಲ್ಲ, ಆಗಲ್ಲ," ಎಂದರು ಮೇಡಂ. "ಇತ್ತು ಅಂತಾನೂ ಆಗಲ್ಲ, ಇರಲಿಲ್ಲ ಅಂತಾನೂ ಆಗಲ್ಲ. ಆ ಬಲೆಗೆ ಮರಿ ಕಾಣೋದೇ ಇಲ್ಲ. ಮತ್ತೆ ನೀವು ಇರಲಿಲ್ಲ ಅಂತ ಹೇಗೆ ಬರೆದ್ರಿ?"

ಚಿಕ್ಕಮ್ಮನ ಮುಖ ಆ ಕ್ಷಣ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ಮರಿಗಳಿದ್ದವು, ನಿಮ್ಮ ಗಂಡ ಏನೂ ಮಾಡಿರಲಿಲ್ಲ ಎಂಬ ಮಾತು ಸಿಗುತ್ತದೆ ಎಂದು ಅವಳು ಬಂದಿದ್ದಳು. ಸಿಗಲಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ. ಆ ವರ್ಷದ ಮೀನು ಆ ವರ್ಷಕ್ಕೇ ಹೋಗಿತ್ತು. ನಾನು ತೋಳು ಹಿಡಿಯಲು ಹೋದರೆ ಕೊಡವಿಬಿಟ್ಟಳು.

"ಹಾಗಾದ್ರೆ ನನ್ನ ಗಂಡ ಕೆರೆ ಕೊಂದನಾ ಇಲ್ವಾ? ಮೇಡಂ ಅಲ್ಲ, ನೀವು ಹೇಳಿ ಸಾಹೇಬ್ರೇ. ಫಲಕ ಬರೆಸಿದ್ದು ನೀವು."

ಸಾಹೇಬ ತುಟಿ ಒದ್ದೆ ಮಾಡಿಕೊಂಡ. "ಅದು... ಗೊತ್ತಿಲ್ಲಮ್ಮ."

"ಮೈಕಲ್ಲಿ ಹೇಳಿ."

ಅವನು ಮೇಡಂ ಕಡೆ ನೋಡಿದ. ಮೇಡಂ ಕೆರೆಯ ಕಡೆ ನೋಡುತ್ತಿದ್ದರು. "ಗೊತ್ತಿಲ್ಲ," ಎಂದ ಮೈಕಿನಲ್ಲಿ. ದನಿ ಶಾಮಿಯಾನದ ಆಚೆಗೂ ಹೋಯಿತು.

"ಅಮ್ಮ, ಕ್ಷಮಿಸಿಬಿಡಿ," ಎಂದು ಮೈಕು ಬದಿಗಿಟ್ಟು ಮೆಲ್ಲಗೆ ಹೇಳಿದ. ಕೈಯನ್ನೂ ಮುಗಿದ.

"ಕ್ಷಮೆ ಯಾರು ಕೇಳಿದ್ರು? ಆವತ್ತು ವರದಿಯಲ್ಲಿ ಈ ಒಂದು ಮಾತು ಬರೆದಿದ್ರೆ ಸಾಕಾಗಿತ್ತು. ಗೊತ್ತಿಲ್ಲ ಅಂತ. ಆ ಮನುಷ್ಯ ತಾನು ಕೊಲೆಗಾರ ಅಂದ್ಕೊಂಡು ಸಾಯ್ತಿರಲಿಲ್ಲ." ಅವಳು ಹಿಂದೆ ತಿರುಗಿ ಬೀದಿಯವರನ್ನು ನೋಡಿದಳು. "ಹಿಂದಿನೋರಿಗೆ ಕೇಳಿಸಿಲ್ಲ. ಇನ್ನೊಂದ್ಸಲ ಹೇಳಿ."

ಎಲ್ಲರಿಗೂ ಕೇಳಿಸಿತ್ತು. ಆದರೂ ಸಾಹೇಬ ಇನ್ನೊಮ್ಮೆ ಹೇಳಿದ. ಅವಳು ಇನ್ನೂ ಒಮ್ಮೆ ಹೇಳಿಸಿದಳು. ಮೂರನೆಯ ಸಲ ಅವನ ದನಿ ಒಡೆಯಿತು, ನನಗೆ ಪಾಪ ಅನ್ನಿಸಲಿಲ್ಲ.

ಮನೆಗೆ ನಡೆದು ಬರುವಾಗ ನಾನು ಕುಣಿಯುವುದೊಂದು ಬಾಕಿ. "ಎಷ್ಟು ಜೋರಾಗಿ ಹೇಳಿಸಿದೆ ಚಿಕ್ಕಮ್ಮ! ಆಚೆ ದಡಕ್ಕೂ ಕೇಳಿಸಿರಬೇಕು!"

ಅವಳು ಬೋರಲು ಬಿದ್ದ ತನ್ನ ಗಂಡನ ದೋಣಿಯ ಹತ್ತಿರ ನಿಂತಳು. ಅದನ್ನು ಮುಟ್ಟಲಿಲ್ಲ.

"ಕೇಳಬೇಕಾದೋನಿಗೆ ಕೇಳಿಸೋ ಹಾಗಿದ್ದಿದ್ರೆ," ಎಂದಳು, "ಇನ್ನೂ ಜೋರಾಗಿ ಹೇಳಿಸ್ತಿದ್ದೆ."